ವಾಹನಗಳ ಸಾಲುಗಳ ನಡುವೆ ದ್ವಿಚಕ್ರ ವಾಹನ ಚಾಲನೆ: ಕಾನೂನಿನ ಸ್ಥಿತಿ ಮತ್ತು ಸವಾರರಿಗೆ ಮಾಹಿತಿ

ಗದಗ ತಾಲೂಕಿನ ಹರ್ತಿ ಹಾಗೂ ಸುತ್ತಲಿನ ಗ್ರಾಮಗಳಿಂದ ಅನೇಕರು ಉದ್ಯೋಗ, ವ್ಯಾಸಂಗ, ಮಾರುಕಟ್ಟೆ ಮತ್ತು ಕಚೇರಿ ಕೆಲಸಗಳಿಗಾಗಿ ದ್ವಿಚಕ್ರ ವಾಹನಗಳಲ್ಲಿ ಗದಗ-ಬೆಟಗೇರಿ ನಗರಕ್ಕೆ ಬಂದು ಹೋಗುತ್ತಾರೆ. ಕೆಲವರು ಹುಬ್ಬಳ್ಳಿ-ಧಾರವಾಡ, ಬೆಂಗಳೂರು ನಗರಗಳಲ್ಲಿ ನೆಲೆಸಿ ಅಲ್ಲಿಯ ಸಂಚಾರ ದಟ್ಟಣೆಯಲ್ಲಿ ವಾಹನ ಚಲಾಯಿಸುತ್ತಾರೆ. ನಿಂತಿರುವ ಅಥವಾ ನಿಧಾನವಾಗಿ ಸಾಗುತ್ತಿರುವ ವಾಹನಗಳ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಮೋಟಾರ್ ಸೈಕಲ್ ನುಗ್ಗಿಸಿಕೊಂಡು ಮುಂದೆ ಹೋಗುವುದು ಈ ನಗರಗಳಲ್ಲಿ ಸಾಮಾನ್ಯ ದೃಶ್ಯ. ಹೀಗೆ ಹೋಗಲು ಕಾನೂನಿನಲ್ಲಿ ಅವಕಾಶವಿದೆಯೇ, ದಂಡ ಎಷ್ಟು, ಅಪಘಾತವಾದಲ್ಲಿ ಪರಿಹಾರ ದೊರೆಯುವುದೇ ಎಂಬ ಸಂದೇಹಗಳಿಗೆ ಉತ್ತರವಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ವಿಷಯದ ವಿವರಣೆ

ಒಂದೇ ದಿಕ್ಕಿನಲ್ಲಿ ಸಾಗುವ ವಾಹನಗಳಿಗಾಗಿ ರಸ್ತೆಯನ್ನು ಬಿಳಿ ಗೆರೆಗಳಿಂದ ಉದ್ದಕ್ಕೆ ವಿಭಾಗಿಸಿದ್ದಲ್ಲಿ, ಅಂತಹ ಪ್ರತಿಯೊಂದು ಭಾಗವನ್ನು ಪಥ ಅಥವಾ ಲೇನ್ ಎನ್ನುತ್ತಾರೆ. ಎರಡು ಪಥಗಳಲ್ಲಿರುವ ವಾಹನಗಳ ನಡುವೆ, ಗೆರೆಯ ಮೇಲೆಯೇ ಅಥವಾ ಗೆರೆಗೆ ತಾಗಿದಂತೆ ದ್ವಿಚಕ್ರ ವಾಹನ ಚಲಾಯಿಸುವುದು ಈ ಲೇಖನದ ವಿಷಯ. ಇದರಲ್ಲಿ ಎರಡು ಬಗೆಗಳನ್ನು ಪ್ರತ್ಯೇಕಿಸಿ ನೋಡಬೇಕು.

(ಅ) ಚಲಿಸುತ್ತಿರುವ ವಾಹನಗಳ ನಡುವೆ, ಅವುಗಳಿಗಿಂತ ಹೆಚ್ಚಿನ ವೇಗದಲ್ಲಿ ನುಗ್ಗಿ ಹೋಗುವುದು.
(ಆ) ಸಿಗ್ನಲ್‌ನಲ್ಲಿ ಅಥವಾ ದಟ್ಟಣೆಯಲ್ಲಿ ನಿಂತ ವಾಹನಗಳ ನಡುವೆ ನಿಧಾನವಾಗಿ ಸಾಗಿ ಮುಂಭಾಗಕ್ಕೆ ಬರುವುದು.

ಕೆಲವು ದೇಶಗಳಲ್ಲಿ ಈ ಎರಡು ಬಗೆಗಳಿಗೆ ಬೇರೆ ಬೇರೆ ನಿಯಮಗಳಿವೆ. ನಮ್ಮ ದೇಶದಲ್ಲಿ ಹಾಗಿಲ್ಲ.

2. ಕಾನೂನಿನಲ್ಲಿ ಇರುವುದೇನು

ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಈ ಬಗೆಯ ಚಾಲನೆಯನ್ನು ಅದರ ಹೆಸರಿನಿಂದ ಗುರುತಿಸಿ ಅಪರಾಧವೆಂದು ಹೇಳಿರುವುದಿಲ್ಲ. ಹಾಗೆಂದು ಅದಕ್ಕೆ ಅನುಮತಿಯನ್ನೂ ನೀಡಿರುವುದಿಲ್ಲ. ಹೆಸರಿಲ್ಲವೆಂಬ ಕಾರಣದಿಂದ ಇದು ಕಾನೂನುಬದ್ಧವೆಂದು ಅನೇಕ ಸವಾರರು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲ. ಸಂದಿಯಲ್ಲಿ ನುಗ್ಗುವಾಗ ಸವಾರನು ಮಾಡುವ ಒಂದೊಂದು ಕ್ರಿಯೆಗೂ ಪ್ರತ್ಯೇಕ ನಿಯಮಗಳು ಅನ್ವಯವಾಗುತ್ತವೆ.

ಅಧಿನಿಯಮದ 118ನೇ ಪ್ರಕರಣದಡಿ ಕೇಂದ್ರ ಸರ್ಕಾರವು ಚಾಲನೆಗೆ ಸಂಬಂಧಿಸಿದ ವಿನಿಯಮಗಳನ್ನು ರಚಿಸುತ್ತದೆ. 1989ರ ರಸ್ತೆ ನಿಯಮಗಳ ವಿನಿಯಮಗಳ ಬದಲಿಗೆ 2017ರ ಜೂನ್ ತಿಂಗಳಲ್ಲಿ ಮೋಟಾರು ವಾಹನಗಳ (ಚಾಲನೆ) ವಿನಿಯಮಗಳು, 2017 ಪ್ರಕಟವಾದವು. ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಕರ್ತವ್ಯಗಳು ಹೀಗಿವೆ.

- ಪಥಗಳನ್ನು ಗುರುತಿಸಿದ ರಸ್ತೆಯಲ್ಲಿ ಚಾಲಕನು ತನ್ನ ಪಥದೊಳಗೇ ಚಲಿಸಬೇಕು. ಸೂಕ್ತ ಸೂಚನೆ ನೀಡಿ, ಸುರಕ್ಷಿತವೆಂದು ಖಚಿತಪಡಿಸಿಕೊಂಡ ನಂತರವೇ ಪಥ ಬದಲಿಸಬೇಕು.
- ಮುಂದಿನ ವಾಹನವನ್ನು ಬಲಬದಿಯಿಂದ ಹಿಂದಿಕ್ಕಬೇಕು. ಮುಂದಿನ ವಾಹನವು ಬಲಕ್ಕೆ ತಿರುಗುವ ಸೂಚನೆ ನೀಡಿರುವಂತಹ ಸೀಮಿತ ಸಂದರ್ಭಗಳಲ್ಲಿ ಮಾತ್ರ ಎಡದಿಂದ ಹೋಗಬಹುದು.
- ಮುಂದಿನ ವಾಹನದಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕು.
- ಪಾದಚಾರಿ ಮಾರ್ಗದ ಮೇಲೆ ಮೋಟಾರು ವಾಹನ ಚಲಾಯಿಸಬಾರದು.

ಇದಲ್ಲದೆ 119ನೇ ಪ್ರಕರಣದಂತೆ ರಸ್ತೆಯ ಸಂಚಾರ ಚಿಹ್ನೆಗಳನ್ನು ಪಾಲಿಸುವುದು ಪ್ರತಿಯೊಬ್ಬ ಚಾಲಕನ ಕರ್ತವ್ಯ. ತುಂಡು ತುಂಡಾದ ಬಿಳಿ ಗೆರೆಯನ್ನು ಸುರಕ್ಷಿತವಾಗಿದ್ದಾಗ ದಾಟಿ ಪಥ ಬದಲಿಸಬಹುದು. ಅಖಂಡ ಗೆರೆಯನ್ನು ದಾಟಬಾರದು. ಪಥ ಬದಲಿಸುವುದೆಂದರೆ ಒಂದು ಪಥವನ್ನು ಬಿಟ್ಟು ಮತ್ತೊಂದನ್ನು ಪೂರ್ಣವಾಗಿ ಸೇರುವುದು. ಗೆರೆಯನ್ನೇ ತನ್ನ ದಾರಿಯಾಗಿ ಮಾಡಿಕೊಂಡು ಸಾಗುವುದು ಪಥ ಬದಲಾವಣೆ ಎನಿಸುವುದಿಲ್ಲ.

ಆದ್ದರಿಂದ, ಪಥಗಳನ್ನು ಗುರುತಿಸಿದ ರಸ್ತೆಯಲ್ಲಿ ಎರಡು ಸಾಲುಗಳ ನಡುವೆ ಮೋಟಾರ್ ಸೈಕಲ್ ಚಲಾಯಿಸುವುದು ನಿಯಮಗಳಿಗೆ ವಿರುದ್ಧ. ಪ್ರತಿದಿನ ನೂರಾರು ಜನ ಹೀಗೆ ಮಾಡುತ್ತಾರೆ ಎಂಬುದಾಗಲಿ, ಪೊಲೀಸರು ತಡೆದಿಲ್ಲ ಎಂಬುದಾಗಲಿ ಅನುಮತಿಗೆ ಸಮನಾಗುವುದಿಲ್ಲ.

3. ಪಥದ ಗೆರೆಗಳಿಲ್ಲದ ರಸ್ತೆಗಳು

ಜಿಲ್ಲೆಯ ಪಟ್ಟಣಗಳ ಒಳರಸ್ತೆಗಳಲ್ಲಿ, ಪೇಟೆಯ ಬೀದಿಗಳಲ್ಲಿ ಪಥದ ಗೆರೆಗಳು ಇಲ್ಲದಿರುವುದು ಅಥವಾ ಅಳಿಸಿಹೋಗಿರುವುದು ಸಾಮಾನ್ಯ. ಅಂತಹ ರಸ್ತೆಯಲ್ಲಿ ಪಥದೊಳಗೆ ಚಲಿಸುವ ನಿಯಮವು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಎಡಬದಿಯಲ್ಲಿ ಚಲಿಸುವುದು, ಬಲದಿಂದ ಹಿಂದಿಕ್ಕುವುದು, ಅಂತರ ಕಾಯ್ದುಕೊಳ್ಳುವುದು ಇವೇ ಮೊದಲಾದ ನಿಯಮಗಳು ಗೆರೆ ಇರಲಿ ಇಲ್ಲದಿರಲಿ ಜಾರಿಯಲ್ಲಿರುತ್ತವೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು ನಿಂತಾಗ ಅದರ ಎಡಬದಿಯಿಂದ ನುಗ್ಗುವುದು ಇದಕ್ಕೆ ಒಳ್ಳೆಯ ನಿದರ್ಶನ. ಬಸ್ಸಿನ ಬಾಗಿಲು ಎಡಕ್ಕಿರುತ್ತದೆ. ಇಳಿಯುವ ಪ್ರಯಾಣಿಕರು, ವಿಶೇಷವಾಗಿ ವೃದ್ಧರು ಮತ್ತು ಮಕ್ಕಳು, ಅತ್ತ ಕಡೆಯಿಂದ ವಾಹನ ಬರುವುದೆಂದು ನಿರೀಕ್ಷಿಸಿರುವುದಿಲ್ಲ.

4. ಸಿಗ್ನಲ್‌ನಲ್ಲಿ ನಿಂತ ವಾಹನಗಳ ನಡುವೆ

ಕೆಂಪು ದೀಪವಿದ್ದಾಗ ಸಂದಿಯಲ್ಲಿ ನಿಧಾನವಾಗಿ ಮುಂದೆ ಬರುವುದಕ್ಕೆ ನಮ್ಮಲ್ಲಿ ಪ್ರತ್ಯೇಕ ಅನುಮತಿಯ ನಿಯಮವಿಲ್ಲ. ಹೀಗೆ ಮುಂದೆ ಬಂದವರಲ್ಲಿ ಹಲವರು ನಿಲುಗಡೆ ಗೆರೆಯನ್ನು ದಾಟಿ ಜೀಬ್ರಾ ಪಟ್ಟಿಯ ಮೇಲೆ ನಿಲ್ಲುತ್ತಾರೆ. ಇದು ಪ್ರತ್ಯೇಕ ಉಲ್ಲಂಘನೆ. ಜೀಬ್ರಾ ಪಟ್ಟಿಯು ಪಾದಚಾರಿಗಳಿಗೆ ಮೀಸಲಾದ ಸ್ಥಳ. ಇದಲ್ಲದೆ ಹಸಿರು ದೀಪ ಬಂದ ಕ್ಷಣದಲ್ಲಿ ಸಂದಿಯಲ್ಲಿಯೇ ಸಿಲುಕಿದ ಸವಾರನಿಗೆ ಎರಡೂ ಬದಿಯ ವಾಹನಗಳು ಒಮ್ಮೆಲೇ ಚಲಿಸತೊಡಗುವುದರಿಂದ ಹಿಂದೆ ಸರಿಯಲೂ ಮುಂದೆ ಹೋಗಲೂ ದಾರಿ ಉಳಿಯುವುದಿಲ್ಲ.

5. ದಂಡ ಮತ್ತು ಶಿಕ್ಷೆ

ಮೋಟಾರು ವಾಹನಗಳ (ತಿದ್ದುಪಡಿ) ಅಧಿನಿಯಮ, 2019ರ ದಂಡನೆಗೆ ಸಂಬಂಧಿಸಿದ ಉಪಬಂಧಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಅದರಂತೆ:

- 177ಎ ಪ್ರಕರಣ: 118ನೇ ಪ್ರಕರಣದಡಿ ರಚಿಸಿದ ಚಾಲನಾ ವಿನಿಯಮಗಳನ್ನು ಉಲ್ಲಂಘಿಸಿದಲ್ಲಿ ರೂ. 500ಕ್ಕಿಂತ ಕಡಿಮೆಯಿಲ್ಲದ, ರೂ. 1,000ದವರೆಗೆ ವಿಸ್ತರಿಸಬಹುದಾದ ದಂಡ.
- 184ನೇ ಪ್ರಕರಣ: ಅಪಾಯಕಾರಿ ಚಾಲನೆ. ಕಾನೂನಿಗೆ ವಿರುದ್ಧವಾದ ರೀತಿಯಲ್ಲಿ ಇತರ ವಾಹನಗಳನ್ನು ಹಿಂದಿಕ್ಕುವುದನ್ನು ಇದರ ವಿವರಣೆಯಲ್ಲಿ ಸ್ಪಷ್ಟವಾಗಿ ಸೇರಿಸಲಾಗಿದೆ. ಅದು ಸಾರ್ವಜನಿಕರಿಗೆ ಅಪಾಯಕಾರಿಯಾದಲ್ಲಿ ಮೊದಲ ಅಪರಾಧಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷದವರೆಗಿನ ಕಾರಾವಾಸ, ಅಥವಾ ರೂ. 1,000ದಿಂದ ರೂ. 5,000ದವರೆಗೆ ದಂಡ, ಅಥವಾ ಎರಡೂ. 3 ವರ್ಷಗಳೊಳಗೆ ಅದೇ ಅಪರಾಧವನ್ನು ಪುನಃ ಮಾಡಿದಲ್ಲಿ 2 ವರ್ಷಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡೂ.
- ಭಾರತೀಯ ನ್ಯಾಯ ಸಂಹಿತೆ, 2023: 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 281ನೇ ಪ್ರಕರಣದಂತೆ ಸಾರ್ವಜನಿಕ ಮಾರ್ಗದಲ್ಲಿ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ವಾಹನ ಚಲಾಯಿಸುವುದು ಅಪರಾಧ. ಅಂತಹ ಕೃತ್ಯದಿಂದ ಮರಣ ಸಂಭವಿಸಿದಲ್ಲಿ 106ನೇ ಪ್ರಕರಣದಂತೆ 5 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು.

2019ರ ತಿದ್ದುಪಡಿಯು 184ನೇ ಪ್ರಕರಣದಡಿ ರಾಜಿ ದಂಡದ ಅವಕಾಶವನ್ನು ಮೊಬೈಲ್ ಬಳಕೆಯ ಪ್ರಕರಣಗಳಿಗೆ ಮಾತ್ರ ನೀಡಿತು. ಅಂದರೆ ಅಪಾಯಕಾರಿಯಾಗಿ ಹಿಂದಿಕ್ಕಿದ ಪ್ರಕರಣವನ್ನು ರಸ್ತೆಯಲ್ಲಿಯೇ ಹಣ ಕಟ್ಟಿ ಮುಗಿಸಿಕೊಳ್ಳಲಾಗುವುದಿಲ್ಲ. ಅದು ನ್ಯಾಯಾಲಯದ ಮುಂದೆ ಹೋಗುತ್ತದೆ. ರಾಜಿಗೆ ಅವಕಾಶವಿರುವ ಇತರ ಅಪರಾಧಗಳ ಮೊತ್ತವನ್ನು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ.

6. ಅಳತೆಯ ಲೆಕ್ಕ

ನಿಯಮವನ್ನು ಒತ್ತಟ್ಟಿಗಿಟ್ಟು ಕೇವಲ ಅಳತೆಯಿಂದ ನೋಡಿದರೂ ವಿಷಯ ಸ್ಪಷ್ಟವಾಗುತ್ತದೆ. ನಗರದ ರಸ್ತೆಯ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್. ಬಸ್ಸು ಅಥವಾ ಲಾರಿಯ ಅಗಲ 2.6 ಮೀಟರ್‌ವರೆಗೆ ಇರಬಹುದು. ಎರಡು ಬಸ್ಸುಗಳು ತಮ್ಮ ತಮ್ಮ ಪಥದ ಸರಿಯಾದ ಮಧ್ಯದಲ್ಲಿ ನಿಂತಿವೆಯೆಂದು ಭಾವಿಸಿದರೆ, ಅವುಗಳ ನಡುವೆ ಉಳಿಯುವ ಅಂತರ 90 ಸೆಂಟಿಮೀಟರ್. ಮೋಟಾರ್ ಸೈಕಲ್‌ನ ಹ್ಯಾಂಡಲ್ ಅಗಲವನ್ನು 80 ಸೆಂಟಿಮೀಟರ್ ಎಂದು ಹಿಡಿದರೆ ಸವಾರನ ಎರಡೂ ಬದಿಗೆ ಉಳಿಯುವುದು ತಲಾ 5 ಸೆಂಟಿಮೀಟರ್, ಅಂದರೆ ಮೂರು ಬೆರಳಿನಷ್ಟು. 1.7 ಮೀಟರ್ ಅಗಲದ ಎರಡು ಕಾರುಗಳಾದರೆ ತಲಾ 50 ಸೆಂಟಿಮೀಟರ್ ಉಳಿಯುತ್ತದೆ; ಆದರೆ ಕಾರಿನ ಬಾಗಿಲು ತೆರೆದರೆ ಆ ಅಂತರವೂ ಇಲ್ಲವಾಗುತ್ತದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಸಾಗುತ್ತದೆ. ಬಾಗಿಲು ತೆರೆದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿಯೇ ಈ ದೂರ ಕ್ರಮಿಸಿರುತ್ತದೆ. ಬಸ್ಸು ಮತ್ತು ಲಾರಿ ಚಾಲಕರಿಗೆ ತಮ್ಮ ವಾಹನದ ಪಕ್ಕದ ಕೆಲವು ಭಾಗಗಳು ಕನ್ನಡಿಯಲ್ಲಿ ಕಾಣುವುದಿಲ್ಲ. ಸಂದಿಯಲ್ಲಿರುವ ಸವಾರನು ಬಹುತೇಕ ಆ ಕಾಣದ ಭಾಗದಲ್ಲಿಯೇ ಇರುತ್ತಾನೆ.

ಇನ್ನು ಉಳಿತಾಯದ ಬಾಬ್ತು. ಒಂದು ಸಿಗ್ನಲ್‌ನ ಪೂರ್ಣ ಸುತ್ತು 90 ಸೆಕೆಂಡ್ ಎಂದಿಟ್ಟುಕೊಂಡು, ನುಗ್ಗಿ ಮುಂದೆ ಬಂದದ್ದರಿಂದ ಪ್ರತಿ ಸಿಗ್ನಲ್‌ನಲ್ಲಿ ಒಂದು ಸುತ್ತು ಉಳಿಯಿತೆಂದು ಲೆಕ್ಕ ಹಾಕಿದರೂ, ಮೂರು ಸಿಗ್ನಲ್‌ಗಳಲ್ಲಿ ಉಳಿಯುವುದು ನಾಲ್ಕೂವರೆ ನಿಮಿಷ. ಇದರ ಎದುರಿಗೆ ಬರೆಯಬೇಕಾದ ಬಾಬ್ತು ಒಂದು ಕುಟುಂಬದ ದುಡಿಯುವ ವ್ಯಕ್ತಿ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮೃತಪಟ್ಟಿದ್ದು, ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು.

7. ಅಪಘಾತವಾದಲ್ಲಿ ಪರಿಹಾರದ ಹಕ್ಕು

ದಂಡದ ಮೊತ್ತಕ್ಕಿಂತ ಮುಖ್ಯವಾದುದು, ಆದರೆ ಬಹುಪಾಲು ಸವಾರರಿಗೆ ತಿಳಿಯದಿರುವುದು, ಈ ಭಾಗ.

(ಅ) ಸಹ-ನಿರ್ಲಕ್ಷ್ಯ: 166ನೇ ಪ್ರಕರಣದಡಿ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ಮುಂದೆ ಪರಿಹಾರ ಕೋರಿದಾಗ, ಅಪಘಾತಕ್ಕೆ ಸವಾರನ ನಿರ್ಲಕ್ಷ್ಯವೂ ಕಾರಣವೆಂದು ಸಾಬೀತಾದರೆ ಅದರ ಪ್ರಮಾಣಕ್ಕೆ ತಕ್ಕಂತೆ ಪರಿಹಾರದಲ್ಲಿ ಕಡಿತವಾಗುತ್ತದೆ. ಉದಾಹರಣೆಗೆ, ಒಟ್ಟು ಪರಿಹಾರ ರೂ. 12,00,000 ಎಂದು ನಿರ್ಧಾರವಾಗಿ, ಸವಾರನ ನಿರ್ಲಕ್ಷ್ಯ ಶೇ. 30 ಎಂದು ತೀರ್ಮಾನವಾದರೆ ರೂ. 3,60,000 ಕಡಿತಗೊಂಡು ಕುಟುಂಬಕ್ಕೆ ರೂ. 8,40,000 ಮಾತ್ರ ದೊರೆಯುತ್ತದೆ.

(ಆ) ಉಲ್ಲಂಘನೆಯೊಂದೇ ಸಾಲದು: ನಿಯಮ ಉಲ್ಲಂಘಿಸಿದ ಮಾತ್ರಕ್ಕೆ ಪರಿಹಾರ ತಾನಾಗಿಯೇ ಕಡಿತವಾಗುವುದಿಲ್ಲ. ಒಂದೇ ಮೋಟಾರ್ ಸೈಕಲ್‌ನಲ್ಲಿ ಮೂವರು ಇದ್ದ ಪ್ರಕರಣವೊಂದರಲ್ಲಿ, ಆ ಉಲ್ಲಂಘನೆಗೂ ಅಪಘಾತಕ್ಕೂ ಕಾರಣ ಸಂಬಂಧ ಇಲ್ಲದಿದ್ದರೆ ಅದನ್ನು ಸಹ-ನಿರ್ಲಕ್ಷ್ಯವೆಂದು ಪರಿಗಣಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ತೀರ್ಪು ನೀಡಿದೆ. ಆದರೆ ಎರಡು ವಾಹನಗಳ ನಡುವೆ ನುಗ್ಗುವಾಗಲೇ ಸಂಭವಿಸಿದ ಅಪಘಾತದಲ್ಲಿ ಅಂತಹ ಸಂಬಂಧವನ್ನು ತೋರಿಸುವುದು ಎದುರು ಪಕ್ಷಕ್ಕೆ ಕಷ್ಟವಾಗುವುದಿಲ್ಲ.

(ಇ) ಸ್ವಂತ ವಿಮೆ: ಮೂರನೇ ವ್ಯಕ್ತಿಯ ಹೊಣೆಯ ವಿಮೆಯು ತನ್ನದೇ ತಪ್ಪಿನಿಂದ ಗಾಯಗೊಂಡ ಸವಾರನ ನಷ್ಟವನ್ನು ಭರಿಸುವುದಿಲ್ಲ. ಅದಕ್ಕಾಗಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆ. ಇದರ ಮೊತ್ತವನ್ನು 2018ರಲ್ಲಿ ರೂ. 15 ಲಕ್ಷಕ್ಕೆ ಏರಿಸಲಾಯಿತು. ಇದು ವಾಹನದ ನೋಂದಾಯಿತ ಮಾಲೀಕರೇ, ಊರ್ಜಿತ ಚಾಲನಾ ಅನುಜ್ಞಾಪತ್ರ ಹೊಂದಿ, ವಾಹನ ಚಲಾಯಿಸುತ್ತಿದ್ದಾಗ ಅನ್ವಯಿಸುತ್ತದೆ. ತಂದೆಯ ಅಥವಾ ಅಣ್ಣನ ಹೆಸರಿನಲ್ಲಿರುವ ಗಾಡಿಯನ್ನು ಚಲಾಯಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

(ಈ) ತಪ್ಪು ಸಾಬೀತುಪಡಿಸದೆ ಪರಿಹಾರ: 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 164ನೇ ಪ್ರಕರಣದಂತೆ, ಇನ್ನೊಂದು ವಾಹನದ ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಆ ವಾಹನದ ಮಾಲೀಕರು ಅಥವಾ ವಿಮಾ ಕಂಪನಿಯಿಂದ ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ಕೋರಬಹುದು. 164 ಮತ್ತು 166ರಲ್ಲಿ ಯಾವುದು ತಮಗೆ ಸೂಕ್ತವೆಂಬುದನ್ನು ವಕೀಲರೊಂದಿಗೆ ವಿಚಾರಿಸಿ ನಿರ್ಧರಿಸುವುದು ಒಳಿತು.

(ಉ) ಅರ್ಜಿ ಎಲ್ಲಿ: ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಎದುರುದಾರರು ವಾಸಿಸುವ ಸ್ಥಳದ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಹರ್ತಿಯ ನಿವಾಸಿಯೊಬ್ಬರು ಬೆಂಗಳೂರಿನಲ್ಲಿ ಅಪಘಾತಕ್ಕೀಡಾದರೆ ಕುಟುಂಬದವರು ಪ್ರತಿ ವಿಚಾರಣೆಗೂ ಬೆಂಗಳೂರಿಗೆ ಹೋಗಬೇಕೆಂದಿಲ್ಲ. ಗದಗದಲ್ಲಿಯೇ ಅರ್ಜಿ ಸಲ್ಲಿಸಬಹುದು.

(ಊ) ಚಿಕಿತ್ಸೆ: 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ರಸ್ತೆ ಅಪಘಾತ ಸಂತ್ರಸ್ತರ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಬಹುದು.

8. ಮೀಸಲು ಪಥಗಳು ಮತ್ತು ನಿಷೇಧಿತ ರಸ್ತೆಗಳು

ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿ.ಮೀ. ಉದ್ದದ ತ್ವರಿತ ಬಸ್ ಸಾರಿಗೆ ವ್ಯವಸ್ಥೆಯು 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಗೊಂಡಿತು. ಚಿಗರಿ ಬಸ್ಸುಗಳಿಗೆಂದು ಮೀಸಲಿಟ್ಟು ಪ್ರತ್ಯೇಕಿಸಿದ ಪಥದಲ್ಲಿ, ಪಕ್ಕದ ರಸ್ತೆ ದಟ್ಟವಾಗಿದೆ ಎಂಬ ಕಾರಣಕ್ಕೆ ಮೋಟಾರ್ ಸೈಕಲ್ ನುಗ್ಗಿಸಬಾರದು. ಬೆಂಗಳೂರು-ಮೈಸೂರು ಪ್ರವೇಶ ನಿಯಂತ್ರಿತ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ. ಅಲ್ಲಿ ಸರ್ವಿಸ್ ರಸ್ತೆಯನ್ನು ಬಳಸಬೇಕು. ವೇಗದ ವಾಹನಗಳ ನಡುವೆ ನಿಧಾನಗತಿಯ ಚಿಕ್ಕ ವಾಹನಗಳು ಸೇರಿದಾಗ ಆಗುವ ಅಪಾಯವೇ ಇಂತಹ ನಿಷೇಧದ ಹಿನ್ನೆಲೆ.

9. ಇತರ ದೇಶಗಳಲ್ಲಿ

ವಿದೇಶಗಳಲ್ಲಿ ಇದಕ್ಕೆ ಅನುಮತಿ ಇದೆಯೆಂಬ ಮಾತು ಕೇಳಿಬರುತ್ತದೆ. ಅದು ಭಾಗಶಃ ನಿಜ.

- ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2017ರ ಜನವರಿ 1ರಿಂದ ಶಾಸನದ ಮೂಲಕ ಇದಕ್ಕೆ ಮನ್ನಣೆ ನೀಡಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಸುಮಾರು 6,000 ಮೋಟಾರ್ ಸೈಕಲ್ ಸವಾರರ ಅಪಘಾತಗಳನ್ನು ಪರಿಶೀಲಿಸಿ 2015ರಲ್ಲಿ ನೀಡಿದ ವರದಿಯಂತೆ, ಸುತ್ತಲಿನ ವಾಹನಗಳ ವೇಗ ಗಂಟೆಗೆ ಸುಮಾರು 80 ಕಿ.ಮೀ. ಮೀರದೆ, ಸವಾರನ ವೇಗ ಅವುಗಳಿಗಿಂತ ಸುಮಾರು 24 ಕಿ.ಮೀ.ಗಿಂತ ಹೆಚ್ಚಿರದಿದ್ದಾಗ ಅಪಾಯ ತುಲನಾತ್ಮಕವಾಗಿ ಕಡಿಮೆ.
- ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 2014ರ ಜುಲೈ 1ರಿಂದ ಪೂರ್ಣ ಅನುಜ್ಞಾಪತ್ರ ಹೊಂದಿದ ಸವಾರರಿಗೆ ಮಾತ್ರ, ಗಂಟೆಗೆ 30 ಕಿ.ಮೀ. ಮೀರದ ವೇಗದಲ್ಲಿ ಅನುಮತಿ ನೀಡಿತು. ಶಾಲಾ ವೇಳೆಯಲ್ಲಿ ಶಾಲಾ ವಲಯಗಳಲ್ಲಿ ಅನುಮತಿ ಇಲ್ಲ.
- ಫ್ರಾನ್ಸ್ ದೇಶವು ಹಲವು ವರ್ಷಗಳ ಪ್ರಯೋಗದ ನಂತರ 2025ರ ಜನವರಿಯಲ್ಲಿ, ವಿಭಜಕವುಳ್ಳ ಬಹುಪಥ ರಸ್ತೆಗಳಲ್ಲಿ, ಗಂಟೆಗೆ 50 ಕಿ.ಮೀ. ಮಿತಿಯೊಂದಿಗೆ ಅನುಮತಿಸಿತು.

ಎಲ್ಲೆಡೆ ಗಮನಿಸಬೇಕಾದುದು, ಅನುಮತಿಯು ಶಾಸನ ಅಥವಾ ನಿಯಮದ ಮೂಲಕ ಬಂದಿದೆ. ವಾಹನಗಳು ಪಥದ ಶಿಸ್ತು ಪಾಲಿಸುವ ರಸ್ತೆಗಳಲ್ಲಿ ಮಾತ್ರ ಆ ಲೆಕ್ಕಾಚಾರ ನಡೆಯುತ್ತದೆ. ಟ್ರ್ಯಾಕ್ಟರ್, ಆಟೋ, ತಳ್ಳುಗಾಡಿ, ದನಕರು ಎಲ್ಲವೂ ಒಂದೇ ರಸ್ತೆಯಲ್ಲಿರುವ ಕಡೆ ಅದೇ ಲೆಕ್ಕ ಹೊಂದುವುದಿಲ್ಲ.

10. ಚಾಲನಾ ಅನುಜ್ಞಾಪತ್ರದ ಅರ್ಜಿದಾರರಿಗೆ

ಕಲಿಕಾ ಅನುಜ್ಞಾಪತ್ರದ ಪರೀಕ್ಷೆಯಲ್ಲಿ ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು ಮತ್ತು ಚಾಲಕರ ಕರ್ತವ್ಯಗಳ ಕುರಿತು ಪ್ರಶ್ನೆಗಳಿರುತ್ತವೆ. ಮೇಲೆ ವಿವರಿಸಿದ ಪಥ ಹಾಗೂ ಹಿಂದಿಕ್ಕುವಿಕೆಯ ನಿಯಮಗಳು ಇದರ ಭಾಗ. ಕಲಿಕಾ ಅನುಜ್ಞಾಪತ್ರವು 6 ತಿಂಗಳು ಊರ್ಜಿತವಾಗಿದ್ದು, ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಆ ಪರೀಕ್ಷೆಯಲ್ಲಿ ಸೂಕ್ತ ಸೂಚನೆಗಳೊಂದಿಗೆ ಇತರ ವಾಹನಗಳನ್ನು ಸುರಕ್ಷಿತವಾಗಿ ಹಿಂದಿಕ್ಕುವ ಸಾಮರ್ಥ್ಯವನ್ನೂ ಪರಿಶೀಲಿಸಲಾಗುತ್ತದೆ.

ಗೇರ್ ಇರುವ ಮೋಟಾರ್ ಸೈಕಲ್ ಚಲಾಯಿಸಲು 18 ವರ್ಷ ತುಂಬಿರಬೇಕು. ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ 199ಎ ಪ್ರಕರಣದಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡ ವಿಧಿಸಬಹುದಾಗಿದ್ದು, ವಾಹನದ ನೋಂದಣಿಯನ್ನು 12 ತಿಂಗಳ ಅವಧಿಗೆ ರದ್ದುಪಡಿಸಲಾಗುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರುಗಳೇ ಪಥ ಪಾಲಿಸದೆ ಅಡ್ಡಾದಿಡ್ಡಿ ನಿಂತಿರುವಾಗ ಸವಾರರನ್ನು ಮಾತ್ರ ಏಕೆ ಹೊಣೆ ಮಾಡಲಾಗುತ್ತದೆ?
ಉತ್ತರ: ಪಥದ ನಿಯಮ ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ. ಸೂಚನೆ ನೀಡದೆ ಪಥ ಬದಲಿಸುವ ಕಾರು ಚಾಲಕರೂ, ಹಿಂದೆ ನೋಡದೆ ಬಾಗಿಲು ತೆರೆಯುವವರೂ ಹೊಣೆಗಾರರಾಗುತ್ತಾರೆ. ಆದರೆ ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ಅಳಿಸುವುದಿಲ್ಲ.

ಪ್ರಶ್ನೆ: ಆಂಬುಲೆನ್ಸ್‌ಗೆ ದಾರಿ ಬಿಡಲು ಗೆರೆ ದಾಟಿದರೆ ತಪ್ಪೇ?
ಉತ್ತರ: ತುರ್ತು ಸೇವೆಯ ವಾಹನಕ್ಕೆ ದಾರಿ ಬಿಡುವುದು ಚಾಲಕರ ಕರ್ತವ್ಯ. ಆದರೆ ಆಂಬುಲೆನ್ಸ್‌ನ ಬೆನ್ನು ಹಿಡಿದು ಅದೇ ದಾರಿಯಲ್ಲಿ ನುಗ್ಗುವುದು ಸಲ್ಲದು.

ಪ್ರಶ್ನೆ: ಮಾಡದ ಉಲ್ಲಂಘನೆಗೆ ನೋಟಿಸು ಬಂದರೆ ಏನು ಮಾಡಬೇಕು?
ಉತ್ತರ: ನೋಟಿಸಿನಲ್ಲಿರುವ ನೋಂದಣಿ ಸಂಖ್ಯೆ, ಸ್ಥಳ, ದಿನಾಂಕ, ವೇಳೆ ಮತ್ತು ಛಾಯಾಚಿತ್ರವನ್ನು ಪರಿಶೀಲಿಸಬೇಕು. ವ್ಯತ್ಯಾಸವಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ವಾಹನವನ್ನು ಮಾರಾಟ ಮಾಡಿದ್ದು ಮಾಲೀಕತ್ವ ವರ್ಗಾವಣೆ ಆಗಿರದಿದ್ದರೆ ನೋಟಿಸು ಹಳೆಯ ಮಾಲೀಕರಿಗೇ ಬರುತ್ತದೆ. ಆದ್ದರಿಂದ ಮಾರಾಟದ ಕೂಡಲೇ ವರ್ಗಾವಣೆ ಮಾಡಿಸುವುದು ಅಗತ್ಯ.

ಪ್ರಶ್ನೆ: ಅಪಘಾತವಾದವರಿಗೆ ನೆರವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾಗುವುದೇ?
ಉತ್ತರ: ಇಲ್ಲ. 134ಎ ಪ್ರಕರಣವು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ತುರ್ತು ಸಂದರ್ಭದಲ್ಲಿ 112 ಅಥವಾ 108ಕ್ಕೆ ಕರೆ ಮಾಡಬಹುದು.

12. ಸವಾರರಿಗೆ ಸೂಚನೆಗಳು

- ದಟ್ಟಣೆಯಲ್ಲಿ ತಮ್ಮ ಪಥದೊಳಗೆ, ಮುಂದಿನ ವಾಹನದ ಚಾಲಕರ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು.
- ಬಸ್ಸು ಮತ್ತು ಲಾರಿಯ ಎಡಬದಿಯಲ್ಲಿ, ಅದರಲ್ಲಿಯೂ ತಿರುವುಗಳಲ್ಲಿ, ಸಾಗಬಾರದು.
- ಸವಾರರು ಮತ್ತು ಹಿಂಬದಿ ಸವಾರರು ಇಬ್ಬರೂ ಗುಣಮಟ್ಟದ ಹೆಲ್ಮೆಟ್ ಧರಿಸಿ ಪಟ್ಟಿ ಕಟ್ಟಿಕೊಳ್ಳಬೇಕು.
- ಕನ್ನಡಿಗಳನ್ನು ತೆಗೆದುಹಾಕಬಾರದು. ಸಂದಿಯಲ್ಲಿ ಹೋಗಲು ಅನುಕೂಲವೆಂದು ಕನ್ನಡಿ ಮಡಚಿಕೊಳ್ಳುವ ರೂಢಿಯನ್ನು ಕೈಬಿಡಬೇಕು.
- ವಿಮೆ ಮತ್ತು ಅನುಜ್ಞಾಪತ್ರದ ಅವಧಿಯನ್ನು ಆಗಾಗ ಪರಿಶೀಲಿಸಿ, ಮುಗಿಯುವ ಮುನ್ನ ನವೀಕರಿಸಬೇಕು.
- ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಡಬೇಕು. ಸಂದಿಯಲ್ಲಿ ನುಗ್ಗಿ ಉಳಿಸುವ ಸಮಯ ಇದಕ್ಕಿಂತ ಕಡಿಮೆ.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ಅಧಿನಿಯಮ, ನಿಯಮಗಳು ಮತ್ತು ಅಧಿಸೂಚನೆಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಹೆಚ್ಚಿನ ವಿವರಗಳಿಗಾಗಿ ಸಾರ್ವಜನಿಕರು ಸಮೀಪದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.